ಸೆಕೆಂಡ್ ಹ್ಯಾಂಡ್ ಇಂಟರ್‌ಸೆಪ್ಟರ್ 650: ಹುಬ್ಬಳ್ಳಿ-ಧಾರವಾಡದ ಓಡಾಟಕ್ಕೆ ತಗೊಳ್ಳಬಹುದಾ?

ಸಾಧನಕೇರಿ ಸವಾರ

ಎಲ್ಲರಿಗೂ ನಮಸ್ಕಾರ. ಒಂದು ಗಾಡಿ ನೋಡಿ ಬಂದಿದ್ದೇನೆ. ಟೋಕನ್ ಕೊಡುವ ಮೊದಲು ನಿಮ್ಮೆಲ್ಲರ ಮಾತು ಕೇಳಬೇಕು ಅನಿಸಿತು.

ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650, 2021ರ ಮಾಡೆಲ್, ಕೆಎ-63 ರಿಜಿಸ್ಟ್ರೇಶನ್, ಸ್ಪೋಕ್ ಗಾಲಿ. 23 ಸಾವಿರ ಕಿ.ಮೀ. ಓಡಿದೆ. ಒಬ್ಬರೇ ಓನರ್, ಈಗ ಊರು ಬಿಟ್ಟು ಪುಣೆಗೆ ಹೋಗುತ್ತಿದ್ದಾರೆ, ಅದಕ್ಕೇ ಮಾರುತ್ತಿದ್ದಾರೆ. 2.15 ಲಕ್ಷ ಕೇಳುತ್ತಿದ್ದಾರೆ. ಇದರ ಜೊತೆಗೆ ಹಾವೇರಿಯಲ್ಲಿ ಒಂದು ಹೋಂಡಾ ಹೈನೆಸ್ ಸಿಬಿ350 ಕೂಡ ಸಿಕ್ಕಿದೆ. ಅದೂ 2021ರದ್ದೇ, 1.45 ಲಕ್ಷಕ್ಕೆ ಕೊಡುತ್ತಾರಂತೆ.

ನನ್ನ ಮನೆ ಧಾರವಾಡ, ಕೆಲಸ ಹುಬ್ಬಳ್ಳಿ ಗೋಕುಲ ರೋಡ್. ವಾರದಲ್ಲಿ ಕೆಲವು ದಿನ ಚಿಗರಿ ಬಸ್, ಉಳಿದ ದಿನ ಬೈಕ್. ರಜೆ ಬಂದರೆ ಹೆಂಡತಿಯ ಜೊತೆ ದಾಂಡೇಲಿ, ಯಲ್ಲಾಪುರ, ಕಾರವಾರ ಅಂತ ಹೋಗುವ ಆಸೆ. ನನ್ನ ಎತ್ತರ ಐದು ಅಡಿ ಆರು ಇಂಚು. ಈಗಿರುವುದು 125 ಸಿಸಿ ಗಾಡಿ.

ಎಂಜಿನ್‌ಗೆ ಮನಸ್ಸು ಸೋತಾಗಿದೆ, ಅದರ ಬಗ್ಗೆ ಪ್ರಶ್ನೆ ಇಲ್ಲ. ತಿರುವಿನಲ್ಲಿ ಹೇಗೆ, ನಮ್ಮ ರಸ್ತೆಗಳಲ್ಲಿ ಸೊಂಟಕ್ಕೆ ಹೇಗೆ, ಈ ರೇಟ್ ನ್ಯಾಯವಾ? ಇಷ್ಟು ಹೇಳಿ.

ಉಣಕಲ್ ದಂಡೆ

ನನ್ನ ಹತ್ತಿರ ಇದೇ ಗಾಡಿ ಇದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಹ್ಯಾಂಡ್ಲಿಂಗ್. ಈ ಗಾಡಿಯ ಫ್ರೇಮ್ ವಿನ್ಯಾಸದಲ್ಲಿ ಇಂಗ್ಲೆಂಡಿನ ಹ್ಯಾರಿಸ್ ಪರ್ಫಾರ್ಮೆನ್ಸ್ ಕೈ ಇದೆ. ರೇಸ್ ಬೈಕುಗಳಿಗೆ ಫ್ರೇಮ್ ಮಾಡಿ ಹೆಸರು ಮಾಡಿದವರು, 2015ರಲ್ಲಿ ಎನ್‌ಫೀಲ್ಡ್ ಅವರನ್ನು ಕೊಂಡುಕೊಂಡಿತು. ಅದು ಓಡಿಸುವಾಗ ಗೊತ್ತಾಗುತ್ತದೆ. ಎರಡೂ ಗಾಲಿ 18 ಇಂಚು, ಹಿಂದಿನ ಟೈರ್ 130 ಅಷ್ಟೇ, ತೀರಾ ಅಗಲ ಇಲ್ಲ. ಹಾಗಾಗಿ ನೋಡುವುದಕ್ಕೆ ಭಾರದ ಗಾಡಿಯಾದರೂ ತಿರುವಿಗೆ ಸಲೀಸಾಗಿ ವಾಲುತ್ತದೆ. ಅರಬೈಲ್ ಘಾಟ್ ಇಳಿಯುವಾಗ ಮೂರನೇ ಗೇರಿನಲ್ಲಿ ಇಟ್ಟು ಬಿಟ್ಟರೆ ಸಾಕು, ಹಿಡಿದ ಗೆರೆ ಬಿಡುವುದಿಲ್ಲ. ಹ್ಯಾಂಡಲ್ ಅಗಲ ಇರುವುದರಿಂದ ಒತ್ತಿದಷ್ಟೇ ತಿರುಗುತ್ತದೆ. ಗಾಬರಿ ಬೀಳಿಸುವ ಗಾಡಿ ಅಲ್ಲ.

ಎಂಜಿನ್ ಕೂಡ ಹ್ಯಾಂಡ್ಲಿಂಗ್‌ಗೆ ಸೇರಿದ್ದೇ. 648 ಸಿಸಿ, ಎರಡು ಸಿಲಿಂಡರ್, 52 ಎನ್‌ಎಂ ಟಾರ್ಕ್, ಅಂದರೆ ಎಳೆಯುವ ಬಲ. ಅದರಲ್ಲಿ ಶೇ 80 ಭಾಗ 2500 ಆರ್‌ಪಿಎಂಗೇ ಸಿಗುತ್ತದೆ ಅಂತ ಕಂಪನಿಯೇ ಹೇಳಿದೆ. ಲಾರಿ ಹಿಂದೆ ಸಿಕ್ಕಿಬಿದ್ದಾಗ ಗೇರ್ ಇಳಿಸುವ ಗಡಿಬಿಡಿ ಇಲ್ಲ. ಸ್ಲಿಪ್ಪರ್ ಕ್ಲಚ್ ಇರುವುದರಿಂದ ಒಮ್ಮೆಲೇ ಗೇರ್ ಇಳಿಸಿದರೂ ಹಿಂದಿನ ಗಾಲಿ ಎಗರುವುದಿಲ್ಲ.

ಈಗ ಕಷ್ಟದ ಕಡೆ. ಪೆಟ್ರೋಲ್ ತುಂಬಿಸಿದರೆ ತೂಕ 210 ಕೆಜಿ ದಾಟುತ್ತದೆ. ನಿಮ್ಮ 125ರಿಂದ ಇದಕ್ಕೆ ಬಂದರೆ ಮೊದಲು ಅನುಭವಕ್ಕೆ ಬರುವುದು ಘಾಟ್ ಅಲ್ಲ, ಪಾರ್ಕಿಂಗ್. ಧಾರವಾಡ ಲೈನ್ ಬಜಾರಿನಲ್ಲಿ ಅಥವಾ ಹುಬ್ಬಳ್ಳಿ ದುರ್ಗದಬೈಲಿನಲ್ಲಿ ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿದರೆ ಹಿಂದಕ್ಕೆ ಎಳೆಯುವಷ್ಟರಲ್ಲಿ ಬೆವರು ಬರುತ್ತದೆ. ಸೀಟಿನ ಎತ್ತರ 804 ಎಂಎಂ, ನಿಮಗೆ ಕಾಲು ಸಿಗುತ್ತದೆ. ಆದರೆ ಫುಟ್‌ಪೆಗ್ ಸರಿಯಾಗಿ ಕಾಲು ಇಳಿಸುವ ಜಾಗದಲ್ಲೇ ಇದೆ. ಕಾಲಲ್ಲಿ ತಳ್ಳಿಕೊಂಡು ಹೋಗುವಾಗ ಮೊಣಕಾಲ ಕೆಳಗೆ ತಾಗುತ್ತಲೇ ಇರುತ್ತದೆ. ಟ್ರಾಫಿಕ್‌ನಲ್ಲಿ ಇಂಚಿಂಚು ಹೋಗುವಾಗ ಬಿಸಿಯೂ ತಟ್ಟುತ್ತದೆ.

ನನ್ನ ಮಟ್ಟಿಗೆ ಈ ಗಾಡಿ ಮಾರುವ ಮಾತೇ ಇಲ್ಲ. ಆದರೆ ನಾನು ಹೆಚ್ಚಾಗಿ ಒಬ್ಬನೇ ಓಡಿಸುವವನು. ಅದನ್ನು ನೆನಪಿಟ್ಟುಕೊಂಡು ಓದಿ.

ಅಣ್ಣಿಗೇರಿ ಹಾದಿ

ಉಣಕಲ್ ಅಣ್ಣ ಘಾಟ್ ಬಗ್ಗೆ ಹೇಳಿದರು, ನಾನು ಬಯಲಿನ ಬಗ್ಗೆ ಹೇಳುತ್ತೇನೆ. ನನ್ನ ಓಡಾಟ ಹುಬ್ಬಳ್ಳಿ-ಗದಗ. ಮೊದಲು ಇಂಟರ್‌ಸೆಪ್ಟರ್ ಇತ್ತು, ಈಗ ಬೇರೆ ಗಾಡಿ.

ನಮ್ಮ ಕಡೆಯ ರಸ್ತೆಯ ಗುಣವೇ ಬೇರೆ. ಕೆಳಗೆ ಎರೆಮಣ್ಣು. ಮಳೆ ಬಂದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಮೇಲಿನ ಡಾಂಬರು ಎಷ್ಟೇ ನುಣುಪಾಗಿ ಕಂಡರೂ ಕೆಲವು ವರ್ಷಕ್ಕೆ ಉದ್ದುದ್ದ ಅಲೆ ಏಳುತ್ತದೆ. ಕಾರಿನಲ್ಲಿ ತೊಟ್ಟಿಲು ತೂಗಿದ ಹಾಗೆ ಅನಿಸುವ ಜಾಗ ಇವೆಯಲ್ಲ, ಅವೇ. ಅಂಥ ರಸ್ತೆಯಲ್ಲಿ 80ರ ಮೇಲೆ ಹೋಗುವಾಗ ಹಿಂದಿನ ಶಾಕಪ್ ಎಷ್ಟು ಆಡುತ್ತದೆ ಅನ್ನುವುದೇ ಮುಖ್ಯ. ಇಂಟರ್‌ಸೆಪ್ಟರ್‌ನ ಹಿಂದಿನ ಶಾಕಪ್ ಆಟ 88 ಎಂಎಂ ಮಾತ್ರ. ಮುಂದೆ 110. ಒಬ್ಬರೇ ಇದ್ದರೆ ನಡೆಯುತ್ತದೆ. ಇಬ್ಬರು ಕೂತು, ಮೇಲೆ ಬ್ಯಾಗ್ ಕಟ್ಟಿ, ಹಂಪ್ ಕಾಣದೆ ಹಾರಿದರೆ ಪೆಟ್ಟು ನೇರ ಬೆನ್ನಿಗೆ.

ಒಳ್ಳೆಯದೂ ಇದೆ. ಆಷಾಢದ ಗಾಳಿ ಗೊತ್ತಲ್ಲ? ಗದಗ ಕಡೆ ಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನೆಟ್ಟಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಬೀಸುತ್ತಲೇ ಇರುತ್ತದೆ. ಹಗುರ ಗಾಡಿಯಲ್ಲಿ ಲಾರಿ ದಾಟುತ್ತಿದ್ದಂತೆ ಗಾಳಿ ಒಮ್ಮೆಲೇ ನೂಕುತ್ತದೆ, ಹ್ಯಾಂಡಲ್ ಬಿಗಿಹಿಡಿದು ಭುಜ ನೋಯುತ್ತದೆ. ಇಂಟರ್‌ಸೆಪ್ಟರ್ ಅಲ್ಲಾಡುವುದಿಲ್ಲ. ಆ ತೂಕಕ್ಕೆ ಅಲ್ಲಿ ಬೆಲೆ ಇದೆ.

ಆದರೆ ಮುಂದೆ ಗಾಜು ಇಲ್ಲ, ನೆಟ್ಟಗೆ ಕೂರುವ ಗಾಡಿ. ವೇಗ ಜಾಸ್ತಿಯಾದಷ್ಟೂ ಗಾಳಿ ಎದೆಗೆ. ಎಂಜಿನ್ ಇನ್ನೂ ಓಡುತ್ತೇನೆ ಅನ್ನುತ್ತದೆ, ಮೈ ಸಾಕು ಅನ್ನುತ್ತದೆ.

ಹಿಂದಿನ ಸೀಟು

ಇಲ್ಲಿ ಎಲ್ಲರೂ ಹ್ಯಾಂಡಲ್ ಹಿಡಿಯುವವರೇ ಬರೆಯುತ್ತಿದ್ದೀರಿ. ನಾನು ಹಿಂದೆ ಕೂರುವವಳು. ನಮ್ಮ ಮನೆಯವರ ಇಂಟರ್‌ಸೆಪ್ಟರ್‌ನಲ್ಲಿ ಧಾರವಾಡದಿಂದ ಹಳಿಯಾಳ, ದಾಂಡೇಲಿ, ಅಲ್ಲಿಂದ ಮುಂದೆ ಕರಾವಳಿವರೆಗೆ ಹೋಗಿ ಬಂದಿದ್ದೇನೆ. ಸವಾರರೇ, ದಯವಿಟ್ಟು ಈ ಭಾಗ ಪೂರ್ತಿ ಓದಿ.

ಸೀಟು ಉದ್ದ ಇದೆ, ಜಾಗಕ್ಕೆ ಕೊರತೆ ಇಲ್ಲ. ಆದರೆ ತೆಳು ಮತ್ತು ಚಪ್ಪಟೆ. ಹಳಿಯಾಳ ಬರುವವರೆಗೆ ಆರಾಮ. ಆಮೇಲೆ ಜಾಗ ಬದಲಿಸುತ್ತಾ ಕೂರುತ್ತೇನೆ. ಬ್ರೇಕ್ ಹಾಕಿದರೆ ಮುಂದೆ ಜಾರುತ್ತೇನೆ, ಎಕ್ಸಲರೇಟರ್ ತಿರುಗಿಸಿದರೆ ಹಿಂದೆ ಹೋಗುತ್ತೇನೆ. ಈ ಎಂಜಿನ್ ಎಳೆಯುವ ರಭಸಕ್ಕೆ ಎರಡೂ ಜಾಸ್ತಿಯೇ. ಹಿಡಿದುಕೊಳ್ಳುವುದಕ್ಕೆ ಗಟ್ಟಿ ಜಾಗ ಬೇಕು, ಬೆನ್ನಿಗೆ ಆಸರೆ ಬೇಕು. ನಾವು ಟೂರಿಂಗ್ ಸೀಟ್ ಹಾಕಿಸಿ, ಹಿಂದೆ ಬ್ಯಾಕ್‌ರೆಸ್ಟ್ ಕೂರಿಸಿದ ಮೇಲೆ ನನಗೆ ಪ್ರವಾಸ ಅನ್ನುವುದು ಪ್ರವಾಸ ಅನಿಸಿತು.

ಶಾಕಪ್ ಬಗ್ಗೆ ಅಣ್ಣಿಗೇರಿಯವರು ಹೇಳಿದ್ದು ನೂರಕ್ಕೆ ನೂರು ನಿಜ. ಹಿಂದಿನ ಶಾಕಪ್‌ನ ಸ್ಪ್ರಿಂಗ್ ಬಿಗಿ ಮಾಡುವುದಕ್ಕೆ ಐದು ಹಂತ ಇವೆ. ಇಬ್ಬರು ಹೊರಟಾಗ ಅದನ್ನು ಎರಡು ಹಂತ ಏರಿಸಿ. ಸಡಿಲ ಬಿಟ್ಟರೆ ಮೆತ್ತಗಿರುತ್ತದೆ ಅಂತ ನಮ್ಮವರೂ ಅಂದುಕೊಂಡಿದ್ದರು. ಹಾಗಲ್ಲ. ಸಡಿಲ ಇದ್ದಾಗ ಇಬ್ಬರ ಭಾರಕ್ಕೇ ಅರ್ಧ ಕುಸಿದಿರುತ್ತದೆ, ಉಳಿದ ಅರ್ಧ ಒಂದು ತಗ್ಗಿಗೆ ಮುಗಿಯುತ್ತದೆ, ಆಮೇಲೆ ಕಬ್ಬಿಣಕ್ಕೆ ಕಬ್ಬಿಣ.

ಇನ್ನೊಂದು ವಿಷಯ. ಈ ಗಾಡಿ ಕೊಂಡವರಲ್ಲಿ ಭಾಳ ಜನ ಚಂದ ಕಾಣಲಿ ಅಂತ ಸೀರೆ ಗಾರ್ಡ್ ಬಿಚ್ಚಿ ಅಟ್ಟಕ್ಕೆ ಹಾಕಿರುತ್ತಾರೆ. ನೀವು ನೋಡಿದ ಗಾಡಿಯಲ್ಲಿ ಇದೆಯಾ? ಇಲ್ಲದಿದ್ದರೆ ಕೇಳಿ ಪಡೆಯಿರಿ. ಹಿಂದೆ ಕೂರುವವರಿಗೆ ಕೈಹಿಡಿ, ಕಾಲಿಡುವ ಜಾಗ, ಗಾಲಿಗೆ ಅರ್ಧ ಮುಚ್ಚುವ ರಕ್ಷಣೆ, ಈ ಮೂರೂ ಇರಲೇಬೇಕು ಅಂತ ಮೋಟಾರು ವಾಹನ ನಿಯಮವೇ ಹೇಳುತ್ತದೆ. ಓಢಣಿ ಗಾಲಿಗೆ ಸಿಕ್ಕಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಮತ್ತೆ, ನಿಮ್ಮ ಹೆಂಡತಿಯನ್ನು ಕರೆದುಕೊಂಡು ಹೋಗಿ ಕೂರಿಸಿ ಓಡಿಸಿ ನೋಡಿದಿರಾ? ಇಲ್ಲ ಅಂದರೆ ನೀವು ಗಾಡಿ ಅರ್ಧ ನೋಡಿದ ಹಾಗೆ.

ಸಾಧನಕೇರಿ ಸವಾರ

ಇಲ್ಲ ಅಕ್ಕಾ, ನಾನೊಬ್ಬನೇ ಹೋಗಿದ್ದೆ. ಈ ಭಾನುವಾರ ಅವಳನ್ನೂ ಕರೆದುಕೊಂಡು ಹೋಗುತ್ತೇನೆ. ಸೀರೆ ಗಾರ್ಡ್ ಕಾಣಲಿಲ್ಲ, ಕೇಳುತ್ತೇನೆ. ಎಂಜಿನ್ ಬಿಟ್ಟು ಬೇರೆ ಏನೇನು ನೋಡಬೇಕು ಅಂತ ಯಾರಾದರೂ ಹೇಳುತ್ತೀರಾ?

ಗಿರಣಿ ಚಾಳ

ತಮ್ಮಾ, ಗ್ಯಾರೇಜಿನಲ್ಲಿ ಕೈ ಕರಿ ಮಾಡಿಕೊಂಡೇ ಬೆಳೆದವನು ನಾನು. ಗಾಡಿಯ ಹೆಸರು ಯಾವುದಾದರೂ ಇರಲಿ, ನೋಡುವ ರೀತಿ ಒಂದೇ.

ಮೊದಲೇ ಫೋನ್ ಮಾಡಿ ಹೇಳು, ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ. ಹೋದ ತಕ್ಷಣ ಎಂಜಿನ್ ಮೇಲೆ ಕೈ ಇಟ್ಟು ನೋಡು. ತಣ್ಣಗಿರಬೇಕು. ತಣ್ಣನೆಯ ಎಂಜಿನ್ ಸುಳ್ಳು ಹೇಳುವುದಿಲ್ಲ.

ಆಮೇಲೆ ಮುಂದಿನ ಗಾಲಿ. ಟೈರಿನ ಪಕ್ಕದಲ್ಲಿ ಒಂದು ಉದ್ದನೆ ಗುಂಡು ಗೆರೆಯೊಳಗೆ ನಾಲ್ಕು ಅಂಕಿ ಇರುತ್ತವೆ. 1421 ಅಂತ ಇದ್ದರೆ 2021ರ ಹದಿನಾಲ್ಕನೇ ವಾರದಲ್ಲಿ ತಯಾರಾದದ್ದು. ಇಷ್ಟು ಓಡಿದ ಮೇಲೆ ಹಿಂದಿನ ಟೈರ್ ಬದಲಾಗಿರುತ್ತದೆ, ಮುಂದಿನದು ಹಳೆಯದೇ ಇರುವುದು ಜಾಸ್ತಿ. ಹಲ್ಲು ಇದ್ದರೂ ರಬ್ಬರ್ ಕಲ್ಲಾಗಿರುತ್ತದೆ. ಉಗುರು ಒತ್ತಿ ನೋಡು. ಒದ್ದೆ ರಸ್ತೆಯಲ್ಲಿ ನಿನ್ನ ಜೀವ ಹಿಡಿದಿರುವುದು ಆ ಟೈರೇ. ಸ್ಪೋಕ್ ಗಾಲಿ ಅಂದೆಯಲ್ಲ, ಅದರಲ್ಲಿ ಟ್ಯೂಬ್ ಇರುತ್ತದೆ. ಈ ಗಾಡಿಗೆ ಅಲಾಯ್ ಗಾಲಿ, ಟ್ಯೂಬ್‌ಲೆಸ್ ಟೈರ್ ಬಂದದ್ದು 2023ರಲ್ಲಿ. ಕಲಘಟಗಿ ದಾಟಿ ಕಾಡಿನ ನಡುವೆ ಮೊಳೆ ಹೊಕ್ಕರೆ ಗಾಳಿ ತುಂಬಿಕೊಂಡು ಹೋಗುವ ಹಾಗಿಲ್ಲ, ಗಾಲಿ ಬಿಚ್ಚಲೇಬೇಕು. ಇದನ್ನು ಈಗಲೇ ಯೋಚನೆ ಮಾಡು.

ಮೂರನೆಯದು ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್. ಹ್ಯಾಂಡ್ಲಿಂಗ್ ಕೆಡುವುದು ಅಲ್ಲೇ ಜಾಸ್ತಿ, ನೋಡುವವರು ಕಡಿಮೆ. ಮುಂದಿನ ಗಾಲಿ ನೆಲ ಬಿಡುವಂತೆ ಎತ್ತಿಸಿ, ಎರಡು ಬೆರಳಲ್ಲಿ ಹ್ಯಾಂಡಲ್ ಅನ್ನು ಎಡದಿಂದ ಬಲಕ್ಕೆ ನಿಧಾನ ತಿರುಗಿಸು. ನಡು ಭಾಗಕ್ಕೆ ಬಂದಾಗ ಟಕ್ ಅಂತ ಕೂತರೆ ಬೇರಿಂಗ್ ದಾರಿಯಲ್ಲಿ ಕುಳಿ ಬಿದ್ದಿದೆ ಅಂತ ಅರ್ಥ. ಅಂಥ ಗಾಡಿ ನೇರ ರಸ್ತೆಯಲ್ಲೇ ಸಣ್ಣಗೆ ಅತ್ತಿತ್ತ ಅಲೆಯುತ್ತದೆ, ತಿರುವಿನಲ್ಲಿ ಒಮ್ಮೆಲೇ ಬೀಳುತ್ತದೆ. ಓಡಿಸುವವರಿಗೆ ಅದು ಟೈರಿನ ದೋಷ ಅನಿಸುತ್ತದೆ. ಹಾಗೇ ಗಾಲಿ ಮೇಲಿದ್ದಾಗ ಫೋರ್ಕಿನ ಕೆಳತುದಿ ಹಿಡಿದು ಹಿಂದೆ-ಮುಂದೆ ಎಳೆದು ನೋಡು, ಆಟ ಇರಬಾರದು.

ಬಿದ್ದ ಗಾಡಿಯಾ ಅಂತ ತಿಳಿಯಬೇಕಾದರೆ ಟ್ಯಾಂಕ್ ನೋಡಬೇಡ, ಅದಕ್ಕೆ ಬಣ್ಣ ಹೊಡೆಸಿರುತ್ತಾರೆ. ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಫ್ರೇಮಿಗೆ ತಾಗಿ ನಿಲ್ಲುವ ಗುಬಟು ಇರುತ್ತದಲ್ಲ, ಅದು ಜಜ್ಜಿದೆಯಾ, ಅಲ್ಲಿ ಪೇಂಟ್ ಎದ್ದಿದೆಯಾ ನೋಡು. ಜೋರಾಗಿ ಬಿದ್ದಿದ್ದರೆ ಆ ಜಾಗದಲ್ಲಿ ಗುರುತು ಉಳಿಯುತ್ತದೆ. ಕೊನೆಗೆ ನೆಲಕ್ಕೆ ಒಂದು ಬಕೆಟ್ ನೀರು ಚೆಲ್ಲಿಸಿ, ಗಾಡಿಯನ್ನು ಅದರ ಮೇಲೆ ನೇರ ತಳ್ಳಿಸು. ಮುಂದಿನ ಗಾಲಿಯ ಗೆರೆ ಮೇಲೇ ಹಿಂದಿನ ಗಾಲಿಯ ಗೆರೆ ಬೀಳಬೇಕು.

ಚೈನ್, ಬ್ರೇಕ್ ಪ್ಯಾಡ್ ಎಲ್ಲ ಸವೆಯುವ ಸಾಮಾನು. ಬದಲಿಸಿದರೆ ಮುಗಿಯಿತು. ಅದಕ್ಕೆ ಗಾಡಿ ಬಿಡಬೇಡ, ರೊಕ್ಕ ಕಡಿಮೆ ಮಾಡಿಸು.

ಏಲಕ್ಕಿ ಊರು

ಹಾವೇರಿಯ ಸಿಬಿ350 ಬಗ್ಗೆ ಯಾರೂ ಮಾತಾಡಲಿಲ್ಲ. ನಾನು ಅದೇ ಗಾಡಿ ಓಡಿಸುವವನು. 181 ಕೆಜಿ, 30 ಎನ್‌ಎಂ, 15 ಲೀಟರ್ ಟ್ಯಾಂಕ್, ಅಲಾಯ್ ಗಾಲಿ, ಟ್ಯೂಬ್‌ಲೆಸ್ ಟೈರ್. ಹಾನಗಲ್ ಮೇಲೆ ಶಿರಸಿಗೆ ಹೋಗುವಾಗ ಇದಕ್ಕಿಂತ ಜಾಸ್ತಿ ಏನೂ ಬೇಕು ಅನಿಸಿಲ್ಲ. ಹಿಂದೆ ಕೂರುವವರಿಗೂ ಸೀಟು ಮೆತ್ತಗಿದೆ. ಹೈವೇಯಲ್ಲಿ ಮಾತ್ರ ದಾಟಿಕೊಂಡು ಹೋಗುವಾಗ ಮೊದಲೇ ಲೆಕ್ಕ ಹಾಕಿರಬೇಕು, ಎಂಜಿನ್ ಶಕ್ತಿ 21 ಪಿಎಸ್ ಅಷ್ಟೇ. ಧಾರವಾಡ-ಹುಬ್ಬಳ್ಳಿ ದಿನದ ಓಡಾಟಕ್ಕೆ ನಾನಾದರೆ ಇದನ್ನೇ ಹೇಳುತ್ತೇನೆ.

ಉಣಕಲ್ ದಂಡೆ

ಏಲಕ್ಕಿ ಊರಿನವರೇ, ದಿನದ ಓಡಾಟಕ್ಕೆ ಅಂದರೆ ಒಪ್ಪುತ್ತೇನೆ. ಆದರೆ ಅವರು ದಿನಾ ಓಡಿಸುವುದಿಲ್ಲ, ಚಿಗರಿ ಇದೆ. ಗಾಡಿ ಬೇಕಾಗಿರುವುದು ದೂರಕ್ಕೆ. ಯಲ್ಲಾಪುರ ರಸ್ತೆಯಲ್ಲಿ ಎದುರಿಗೆ ಅದಿರು ಲಾರಿ, ಹಿಂದೆ ಬಸ್, ನಡುವೆ ನಾವು. ಅಲ್ಲಿ ಒಂದು ಲಾರಿ ದಾಟುವುದಕ್ಕೆ ಎಷ್ಟು ಹೊತ್ತು ಎದುರು ಲೇನಿನಲ್ಲಿ ಇರುತ್ತೇವೆ ಅನ್ನುವುದೇ ಸುರಕ್ಷತೆ. ನನ್ನ ಲೆಕ್ಕದಲ್ಲಿ ಹೆಚ್ಚಿನ ಶಕ್ತಿ ಬೇಕಾಗುವುದು ಅದಕ್ಕೇ, ವೇಗಕ್ಕಲ್ಲ.

ಖಾತೆ ಪುಸ್ತಕ

ನಾನು ರೇಟಿನ ಬಗ್ಗೆ ಮಾತ್ರ ಬರೆಯುತ್ತೇನೆ.

ಇಂಟರ್‌ಸೆಪ್ಟರ್ ನಮ್ಮ ದೇಶಕ್ಕೆ ಬಂದದ್ದು 2018ರ ನವೆಂಬರ್‌ನಲ್ಲಿ, ಆಗ ಎಕ್ಸ್‌ಶೋರೂಂ ಬೆಲೆ 2.50 ಲಕ್ಷ. ಈಗ ಪರಿಸ್ಥಿತಿ ಬದಲಾಗಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳಿಗೆ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. 350 ದಾಟಿದ್ದಕ್ಕೆ ಸೆಸ್ ಸೇರಿ ಶೇ 31 ಇದ್ದದ್ದು 40 ಆಯಿತು. ಇದರ ಪರಿಣಾಮ ಸೆಕೆಂಡ್ ಹ್ಯಾಂಡ್ ಬಜಾರಿಗೂ ಬರುತ್ತದೆ. ಹೊಸ 650 ತುಟ್ಟಿಯಾದ ಮೇಲೆ ಹಳೆಯದರ ಓನರ್ ಬಿಗಿ ಹಿಡಿಯುತ್ತಾರೆ. ಹೊಸ ಸಿಬಿ350 ಅಗ್ಗವಾಗಿದೆ, ಅದು 348 ಸಿಸಿ. ಹಾಗಾದರೆ 2021ರ ಹಳೆಯದಕ್ಕೆ 1.45 ಯಾಕೆ? ಅದು ಜಾಸ್ತಿಯಾಯಿತು. ಹಾವೇರಿಯವರ ಹತ್ತಿರ ಈ ಮಾತು ಎತ್ತಿದರೆ ಇಳಿಸುತ್ತಾರೆ.

ಇಂಟರ್‌ಸೆಪ್ಟರ್‌ಗೆ ಬಂದರೆ, 2.15 ಅನ್ನುವುದು ಕೊಡುವ ರೊಕ್ಕ ಮಾತ್ರ. ಮೊದಲ ವರ್ಷದಲ್ಲೇ ಮುಂದಿನ ಟೈರ್, ಚೈನ್ ಸೆಟ್, ಟೂರಿಂಗ್ ಸೀಟ್, ಬ್ಯಾಕ್‌ರೆಸ್ಟ್ ಬರುತ್ತವೆ. ಎಲ್ಲ ಸೇರಿ 20 ಸಾವಿರದ ಆಸುಪಾಸು ಅಂತ ಇಟ್ಟುಕೊಳ್ಳಿ. ಇದಕ್ಕೆ 10 ಸಾವಿರ ಕಿ.ಮೀ.ಗೆ ಒಮ್ಮೆ ಆಯಿಲ್ ಬದಲಿಸುವ ಲೆಕ್ಕ, ಅಂದರೆ ಇಷ್ಟರಲ್ಲಿ ಎರಡು ಸಲ ಆಗಿರಬೇಕು. ಬಿಲ್ ಕೇಳಿ. ಎರಡು ಸಿಲಿಂಡರ್, ಎಂಟು ವಾಲ್ವ್. ವಾಲ್ವ್ ಸಂದು ನೋಡಿಸಿದ್ದಾರಾ ಅದನ್ನೂ ಕೇಳಿ.

2018ರ ಸೆಪ್ಟೆಂಬರ್ ಆದ ಮೇಲೆ ಮಾರಾಟವಾದ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ (ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ) ಇರುತ್ತದೆ. 2021ರ ಗಾಡಿಗೆ ಅದು 2026ಕ್ಕೆ ಮುಗಿಯುತ್ತದೆ. ಆಮೇಲೆ ನಿಮ್ಮ ಕೈಯಿಂದ. 350 ಸಿಸಿ ಮೇಲಿನದಕ್ಕೆ 2022ರಲ್ಲಿ ನಿಗದಿಯಾದ ವರ್ಷದ ದರ 2,804 ರೂಪಾಯಿ, 150ರಿಂದ 350ರವರೆಗಿನದಕ್ಕೆ 1,366. ಮೇಲೆ ತೆರಿಗೆ ಬೇರೆ. ಪೆಟ್ರೋಲ್ ಲೀಟರಿಗೆ 25 ಕಿ.ಮೀ. ಹಿಡಿಯಿರಿ.

ನನ್ನ ಮಾತು: 1.90ರಿಂದ ಶುರು ಮಾಡಿ, 2 ಲಕ್ಷದ ಒಳಗೆ ಆದರೆ ತಗೊಳ್ಳಿ. ಅದರ ಮೇಲೆ ಹೋದರೆ ಬಿಡಿ, ಇನ್ನೊಂದು ಬರುತ್ತದೆ. ಹುಬ್ಬಳ್ಳಿಯಲ್ಲಿ 650 ಕೊಳ್ಳುವವರು ಸಾಲುಗಟ್ಟಿ ನಿಂತಿಲ್ಲ, ಪುಣೆಗೆ ಹೊರಟವರಿಗೆ ದಿನ ಹೋದಷ್ಟೂ ಅವಸರ.

ಅಣ್ಣಿಗೇರಿ ಹಾದಿ

ಮಹಾರಾಷ್ಟ್ರ, ಗೋವಾ ನಂಬರಿನ ಗಾಡಿ ಅಗ್ಗಕ್ಕೆ ಇದೆ ಅಂತ ಯಾರಾದರೂ ತೋರಿಸಿದರೆ ಒಲ್ಲೆ ಅನ್ನಿ. ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ತರಬೇಕು, ಇಲ್ಲಿ ಮತ್ತೆ ಜೀವಾವಧಿ ತೆರಿಗೆ ಕಟ್ಟಬೇಕು. ಉಳಿದ ರೊಕ್ಕ ಅಲ್ಲೇ ಹೋಗುತ್ತದೆ.

ಸಾಧನಕೇರಿ ಸವಾರ

ಇಬ್ಬರೂ ಹೋಗಿ ಬಂದೆವು. ಗಿರಣಿ ಚಾಳ ಅಣ್ಣ ಹೇಳಿದ ಹಾಗೆ ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿಸಿದೆ. ಒಂದೇ ಸಲಕ್ಕೆ ಹಿಡಿಯಿತು, ಹೊಗೆ ಇಲ್ಲ. ಮುಂದಿನ ಟೈರ್ 2021ರದ್ದೇ. ಗಾಡಿ ಎತ್ತಿಸಿ ಹ್ಯಾಂಡಲ್ ತಿರುಗಿಸಿದಾಗ ನಡುವೆ ಸಣ್ಣಗೆ ಟಕ್ ಅನ್ನುವುದು ನನ್ನ ಬೆರಳಿಗೇ ಗೊತ್ತಾಯಿತು. ಓನರ್‌ಗೂ ತೋರಿಸಿದೆ. ಅವರಿಗೆ ಇದು ಗೊತ್ತೇ ಇರಲಿಲ್ಲ, ಒಳ್ಳೆಯ ಮನುಷ್ಯ, ವಾದ ಮಾಡಲಿಲ್ಲ. ಬಿಲ್ ಎಲ್ಲ ಇವೆ. ಸೀರೆ ಗಾರ್ಡ್ ಮನೆಯಲ್ಲೇ ಇತ್ತು, ತಂದುಕೊಟ್ಟರು. ನೀರಿನ ಗೆರೆ ನೇರ ಬಿತ್ತು.

ನಮ್ಮಾಕೆಯನ್ನು ಕೂರಿಸಿಕೊಂಡು ಕಲಘಟಗಿ ಕಡೆ ಸ್ವಲ್ಪ ದೂರ ಹೋದೆ. ಮೊದಲು ಶಾಕಪ್ ಇದ್ದ ಹಾಗೇ, ಆಮೇಲೆ ಎರಡು ಹಂತ ಏರಿಸಿ. ಅದೇ ಹಂಪ್ ಮೇಲೆ ಎರಡೂ ಸಲ ಹೋದೆವು. ಎರಡನೇ ಸಲ ಅವಳೇ ಹಿಂದಿನಿಂದ ಹೇಳಿದಳು, ಈಗ ಪರವಾಗಿಲ್ಲ ಅಂತ. ಸೀಟು ಮಾತ್ರ ಬದಲಿಸಲೇಬೇಕು ಅಂದಳು. ಗಾಡಿ ಅವಳಿಗೂ ಇಷ್ಟವಾಗಿದೆ.

ಟೈರ್, ಕೋನ್ ಸೆಟ್, ಸೀಟು ಲೆಕ್ಕ ತೋರಿಸಿ 1.90ಕ್ಕೆ ಕೇಳಿದೆ. 1.98ಕ್ಕೆ ಮಾತು ಮುಗಿದಿದೆ. ಗಾಡಿ ಮೇಲೆ ಸಾಲ ಇತ್ತು, ತೀರಿಸಿದ್ದೇನೆ ಅನ್ನುತ್ತಾರೆ. ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇದೆ. ಏನು ಮಾಡಲಿ? ಅವರ ಇನ್ಶೂರೆನ್ಸಿನ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದುದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ನನಗೆ ಬರುತ್ತಾ?

ಗಿರಣಿ ಚಾಳ

ಛಲೋ ಆಯಿತು ತಮ್ಮಾ. ಕೋನ್ ಸೆಟ್ ಹಾಕಿಸುವಾಗ ಬೇರಿಂಗ್ ಮಾತ್ರ ಅಲ್ಲ, ಅದು ಕೂರುವ ಬಟ್ಟಲುಗಳನ್ನೂ ಹೊಸದೇ ಹಾಕಿಸು. ಬಿಗಿ ಮಾಡುವ ಕೆಲಸ ಕೈಯಳತೆಯದು. ಜಾಸ್ತಿ ಬಿಗಿಯಾದರೂ ಗಾಡಿ ಅಲೆಯುತ್ತದೆ. ಮುಂದಿನ ಟೈರ್ ಅದೇ ದಿನ ಬದಲಿಸು. ಒಂದಷ್ಟು ದಿನ ಓಡಿಸಿದ ಮೇಲೆ ಮತ್ತೆ ಒಮ್ಮೆ ಹ್ಯಾಂಡಲ್ ಬಿಗಿತ ನೋಡಿಸು, ಹೊಸ ಬೇರಿಂಗ್ ಕೂತ ಮೇಲೆ ಸ್ವಲ್ಪ ಸಡಿಲ ಆಗುತ್ತದೆ.

ಖಾತೆ ಪುಸ್ತಕ

ಬ್ಯಾಂಕಿನ ಹೆಸರು ತೆಗೆಸುವುದು ಮಾರುವವರ ಕೆಲಸ. ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಬೇಕು. ಅದು ಕೈಗೆ ಬರುವವರೆಗೆ ಪೂರ್ತಿ ರೊಕ್ಕ ಕೊಡಬೇಡಿ. ಅವರು ಪುಣೆಗೆ ಹೋಗುವ ಮೊದಲೇ ಹೆಸರು ವರ್ಗಾವಣೆಯ ಫಾರ್ಮ್ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಳ್ಳಿ. ಪರಿವಾಹನ್ ವೆಬ್‌ಸೈಟಿನಲ್ಲಿ ಗಾಡಿ ನಂಬರ್ ಹಾಕಿ ದಂಡದ ಚಲನ್ ಬಾಕಿ ಇದೆಯಾ ನೋಡಿ. ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರಿಗೆ 30 ದಿನ.

ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ. ಅದು ಮನುಷ್ಯನಿಗೆ ಸೇರಿದ್ದು, ಗಾಡಿಗಲ್ಲ. ಪಾಲಿಸಿ ನಿಮ್ಮ ಹೆಸರಿಗೆ ಮಾಡಿಸುವಾಗ ಆ ವ್ಯತ್ಯಾಸ ನೀವು ಕಟ್ಟಬೇಕು. ಇದಕ್ಕೂ 14 ದಿನದೊಳಗೆ ಇನ್ಶೂರೆನ್ಸ್ ಕಂಪನಿಗೆ ಅರ್ಜಿ ಕೊಡಿ. ಥರ್ಡ್ ಪಾರ್ಟಿ ಭಾಗ ಗಾಡಿಯ ಜೊತೆಗೇ ಬರುತ್ತದೆ, ನಿಮ್ಮ ಗಾಡಿಗೆ ಆಗುವ ಹಾನಿಯ ಭಾಗ ಹಾಗಲ್ಲ. ಹೆಸರು ಬದಲಾಗದೆ ಗಾಡಿ ಬಿದ್ದರೆ ರಿಪೇರಿ ರೊಕ್ಕ ಪೂರ್ತಿ ನಿಮ್ಮದೇ. ಅದು ಮುಗಿಯುವವರೆಗೆ ದಾಂಡೇಲಿಗೆ ಹೊರಡಬೇಡಿ.